ಸದ್ದಿಲ್ಲದ ಸ್ಟುಡಿಯೋ

ಸ್ಟುಡಿಯೋದವರು ಸುಲಿಯುತ್ತಾರೆಂದು ಅವನು ಮಲಗುವ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡ. ಎಲೆಕ್ಟ್ರಿಕ್ ಗಿಟಾರನ್ನು ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ, ಹಾಸಿಗೆಗಳನ್ನೆಲ್ಲ ಗೋಡೆಗೆ ಒರಗಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ಮನೆಗೊಂದು ಕಾನೂನು ಹೊರಡಿಸಿದ: ರೆಕಾರ್ಡಿಂಗ್ ಮುಗಿಯುವ ತನಕ ಫ್ಯಾನ್ ತಿರುಗಕೂಡದು, ಕುಕ್ಕರ್ ಕೂಗಕೂಡದು, ಮಿಕ್ಸಿಯ ಹೆಸರೂ ಎತ್ತಕೂಡದು.

"ಹಾಗಾದ್ರೆ ಊಟ ತಿಂಡಿ?" ಎಂದಳು ಹೆಂಡತಿ.

"ಹೋಟ್ಲಿಂದ ನಾನೇ ತರ್ತೀನಿ. ಕಲೆಗೋಸ್ಕರ ಅಷ್ಟೂ ತ್ಯಾಗ ಮಾಡಕ್ಕಾಗಲ್ವಾ ನಿಂಗೆ?"

ಅವಳು ತಲೆ ತಗ್ಗಿಸಿ ಒಪ್ಪಿಕೊಂಡಳು.

ಎರಡು ತಿಂಗಳಾದರೂ ಗಿಟಾರಿನ ಒಂದು ಟ್ಯೂನೂ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಅವನು ಇಡ್ಲಿ ತರಲು ಹೋಗಿದ್ದಾಗ, ರೆಕಾರ್ಡಿಂಗ್ ಕೆಲಸ ಬಲ್ಲ ಗೆಳೆಯನೊಬ್ಬ ಬಂದ. ಕೋಣೆಯಲ್ಲೆಲ್ಲ ಕಣ್ಣಾಡಿಸಿ ಬಿದ್ದು ಬಿದ್ದು ನಕ್ಕ.

"ಅತ್ತಿಗೆ, ಇಲ್ಲಿ ಮೈಕೇ ಇಲ್ವಲ್ಲ! ಗಿಟಾರಿನ ವೈರು ಸೀದಾ ಕಂಪ್ಯೂಟರಿಗೆ ಹೋಗಿದೆ. ಪಕ್ಕದಲ್ಲೇ ತಮಟೆ ಬಡಿದ್ರೂ ರೆಕಾರ್ಡ್ ಆಗಲ್ಲ. ಬರ್ಲಿ ಅವ್ನು, ಹೇಳ್ತೀನಿ."

ಹೊರಗೆ ಸ್ಕೂಟರ್ ಬಂದು ನಿಂತಿತು. ಅವಳು ಗಾಬರಿಯಿಂದ ಕೈಮುಗಿದಳು.

"ನಂಗೆ ಮೊದಲ್ನೇ ದಿನಾನೇ ಗೊತ್ತಾಯ್ತು. ದಯವಿಟ್ಟು ಹೇಳ್ಬೇಡಿ ಅಣ್ಣ, ಈ ಮನೇಲಿ ಹನ್ನೊಂದು ವರ್ಷ ರುಬ್ಬಿದೀನಿ."