ಆಗಲ್ಲ ಎನ್ನದ ಸಾಹೇಬರು

ಪುರಸಭೆಯ ನೀರು ಸರಬರಾಜು ಸಾಹೇಬರ ಬಾಯಲ್ಲಿ ಮೊದಲೆಲ್ಲ ಒಂದೇ ಮಾತು: "ಆಗಲ್ಲ." ಮನಸ್ಸನ್ನು ಬಗ್ಗಿಸುವುದು ಹೇಗೆಂದು ಕಲಿತು ಬನ್ನಿ ಎಂದು ಮೇಲಿನವರು ಅವರನ್ನು ತರಬೇತಿಗೆ ಅಟ್ಟಿದರು. ಸಾಹೇಬರು ಎಳೆ ಬಿದಿರಿನಂತೆ ಬಳುಕುತ್ತ ಹಿಂತಿರುಗಿದರು. "ಆ ಮಾತನ್ನ ಗಂಟು ಕಟ್ಟಿ ಹೊಳೆಗೆ ಹಾಕಿ ಬಂದೆ ಕಣ್ರೀ," ಎಂದು ಸಿಬ್ಬಂದಿಯೆದುರು ಕೊಚ್ಚಿಕೊಂಡರು.

ತನ್ನ ಮನೆಗೆ ಒಂದು ನಲ್ಲಿ ಬೇಕೆಂದು ಅರ್ಜಿ ಹಾಕಿದ್ದ ಪುಟ್ಟಮಾದಮ್ಮ ಬಂದಳು. "ನೋಡೋಣ ತಾಯಿ," ಎಂದರು ಸಾಹೇಬರು, ಮುಖದ ತುಂಬ ನಗು. ಯುಗಾದಿ ಕಳೆದ ಮೇಲೆ ಬಂದಳು, ನೋಡೋಣ. ಗೌರಿಹಬ್ಬಕ್ಕೆ ಮುಂಚೆ ಬಂದಳು, ನೋಡೋಣ. ಪಕ್ಕದ ಬೀದಿಯಿಂದ ನೀರು ಹೊತ್ತು ಹೊತ್ತು ಅವಳ ಸೊಂಟವೂ ಚೆನ್ನಾಗಿ ಬಗ್ಗಿತು.

ದೀಪಾವಳಿ ಹೊತ್ತಿಗೆ ಬಂದವಳು ಕೈಮುಗಿದು ನಿಂತಳು.

"ಸಾಮಿ, ಆಗಲ್ಲ ಅಂತ ಹೇಳ್ಬುಡಿ. ನೀವು ಹಂಗನ್ನೋಗಂಟ ಮ್ಯಾಲಿನ ಸಾಹೇಬ್ರು ನನ್ನ ದೂರೇ ತಕ್ಕಳಾಕಿಲ್ವಂತೆ."

"ಹಾಗೆಲ್ಲ ಅನ್ನೋ ಮನುಷ್ಯ ಅಲ್ಲಮ್ಮ ನಾನೀಗ."

"ನಿಮ್ ದಮ್ಮಯ್ಯ, ಒಂದೇ ಒಂದ್ಸಲ ಅಂದ್ಬುಡಿ ಸಾಮಿ!"

ಸಾಹೇಬರ ಮನಸ್ಸು ಕರಗಿತು. ಕುರ್ಚಿಯಿಂದ ಮುಂದಕ್ಕೆ ಬಾಗಿ, ಮೆಲ್ಲಗೆ ಹೇಳಿದರು:

"ಆಯ್ತು ತಾಯಿ, ಅದನ್ನೂ ನೋಡೋಣ."