ಬೆಕ್ಕಾದರೆ ಒಂದು ಸಲ

"ಮಸಿ, ಯಜಮಾನರಿಗೆ ಹೇಳು, ನಾನು ಸಂಜೆ ಬಸ್ಸಿಗೆ ಹೊರಟೆ ಅಂತ," ಎಂದಳು ಮೇಸ್ತ್ರಿಯ ಹೆಂಡತಿ, ಬಟ್ಟೆ ಚೀಲದ ಜಿಪ್ ಎಳೆಯುತ್ತ.

ಮಸಿ ಎಂಬುದು ಬೆಕ್ಕು. ವರ್ಕ್‌ಶಾಪಿನ ಕಿಟಕಿಯ ಆಚೆ ಕೂತು, ಒಳಗೆ ಬಿಡಿ ಎಂದು ಗೋಳಾಡುತ್ತಿತ್ತು. ಯಜಮಾನನಾದ ಮೇಸ್ತ್ರಿ ಅವಳಿಂದ ಎರಡು ಮಾರು ದೂರದಲ್ಲೇ, ಮಹಾಯುದ್ಧಕ್ಕೂ ಮುಂಚಿನ ಉದ್ದ ಮೂತಿಯ ಲಿಮೊಸಿನ್ ಕಾರಿನ ಪಕ್ಕ ಸ್ಪ್ಯಾನರ್ ಹಿಡಿದು ನಿಂತಿದ್ದ.

ಹಳೆಯ ಕಾರುಗಳಿಗೆ ಮರುಜೀವ ಕೊಡುವುದು ಇಬ್ಬರ ಕಸುಬು. ಎಂಜಿನ್ ಅವನದು, ಸೀಟು ಹೊಲಿಯುವುದು ಅವಳದು. ಹೋದ ವಾರ ಅವಳು ಹಿಂದಿನ ಸೀಟಿಗೆ ಕೆನೆಬಣ್ಣದ ಉಣ್ಣೆ ಬಟ್ಟೆ ಹೊಲಿದು ಮುಗಿಸಿ, ಚಹಾ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ಎರಡು ದುಂಡನೆಯ ಎಣ್ಣೆ ಕಲೆ, ಒಂದರ ಪಕ್ಕ ಒಂದು, ಅಚ್ಚೊತ್ತಿದ ಹಾಗೆ ಮೂಡಿದ್ದವು. "ಮಸಿ ಮಲಗಿತ್ತು ಕಣೇ," ಎಂದಿದ್ದ ಮೇಸ್ತ್ರಿ, ಪ್ಯಾಂಟಿನ ಹಿಂಭಾಗವನ್ನು ಗೋಡೆಗೆ ಒತ್ತಿಕೊಂಡು. ಅಷ್ಟು ಅಗಲದ ಬೆಕ್ಕಿಗೆ ಬೇರೆ ಹೆಸರಿದೆ, ಅದು ಕಾಡಿನಲ್ಲಿರುತ್ತದೆ. ಸಾಲದೆಂಬಂತೆ, ಸುಳ್ಳು ನಿಲ್ಲಲಿ ಎಂದು ಬೆಕ್ಕನ್ನು ಆಚೆಗೂ ಹಾಕಿದ. ಅವಳು ಸೀಟಿನ ಹೊಲಿಗೆ ಬಿಚ್ಚಿ ಹೊಸ ಬಟ್ಟೆ ಹಾಕಿದಳು. ಅಂದಿನಿಂದ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಾಳೆ. ಈಗ ಅಕ್ಕನ ಮನೆಗೆ ಹೊರಟಿದ್ದಾಳೆ. ಯಾವಾಗ ಬರುತ್ತಾಳೆಂಬುದನ್ನು ಬೆಕ್ಕಿಗೂ ಹೇಳಿಲ್ಲ.

ಅವಳಿಲ್ಲದ ಮನೆಯನ್ನು ನೆನೆಸಿಕೊಂಡರೇ ಮೇಸ್ತ್ರಿಗೆ ಹೆದರಿಕೆ. ಆದರೆ 'ತಪ್ಪು ನಂದು' ಎಂಬ ಮಾತು ತುಕ್ಕು ಹಿಡಿದ ನಟ್ಟಿನ ಹಾಗೆ ಒಳಗೇ ಕಚ್ಚಿಕೊಂಡಿತ್ತು.

"ಮಾತಾಡೋ ಕೊಳವೆ ಒಂದು ನೋಡೋದು ಬಾಕಿ ಇದೆ," ಎಂದ ಕೊನೆಗೆ, ಕಾರಿಗೆ ಹೇಳುವವನಂತೆ. "ಬೆಳಿಗ್ಗೆ ಕಾರಿನ ಒಡತಿ ಬರ್ತಾರೆ. ನಾನೇ ಹೇಳಿ ನಾನೇ ಕೇಳೋಕಾಗಲ್ಲವಲ್ಲ. ಬಸ್ ಸ್ಟ್ಯಾಂಡ್ ತನಕ ಓಡಿಸಿ ನೋಡಬಹುದಿತ್ತು."

"ಮಸಿ, ಇವರು ಬರ್ತಿರೋದು ನನ್ನ ಬಿಡೋಕೋ, ಕೊಳವೆ ನೋಡೋಕೋ, ಕೇಳು."

"ಎರಡಕ್ಕೂ," ಎಂದ ಮೇಸ್ತ್ರಿ, ಬೆಕ್ಕಿಗೆ.

ಆ ಕಾಲದ ಶ್ರೀಮಂತರಿಗೆ ಡ್ರೈವರ್ ಬೇಕಿತ್ತು, ಅವನ ಮಾತು ಬೇಕಿರಲಿಲ್ಲ. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಗಾಜು. ಹಿಂದೆ ಕೂತವರ ಕೈಗೆಟುಕುವಂತೆ ಒಂದು ಕೊಳವೆ, ಅದರ ಇನ್ನೊಂದು ತುದಿ ಪುಟ್ಟ ತುತ್ತೂರಿಯಾಗಿ ಡ್ರೈವರನ ಕಿವಿಯ ಪಕ್ಕ. ಹಿಂದಿನವರು ಅಪ್ಪಣೆ ಕೊಡಬೇಕು, ಮುಂದಿನವನು ಕೇಳಬೇಕು. ಮರುಮಾತಿಗೆ ದಾರಿಯೇ ಇಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಏಳುವ ಪೈಕಿ ಅವಳಲ್ಲ. ಹಿಂದೆ ಹತ್ತಿದಳು, ಚೀಲದ ತಳವನ್ನು ಅವನಿಗೆ ಕಾಣುವ ಹಾಗೆ ಚೆನ್ನಾಗಿ ಒರೆಸಿ ಸೀಟಿನ ಮೇಲಿಟ್ಟು ಕೂತಳು.

ಗೇಟು ದಾಟುತ್ತಲೇ ರಸ್ತೆಯವರೆಲ್ಲ ಕಾರಿನತ್ತ ಬಾಯಿಬಿಟ್ಟು ನೋಡಿದರು. ಬೇರೆ ದಿನವಾಗಿದ್ದರೆ ಮೇಸ್ತ್ರಿ ಮೀಸೆ ತಿರುವುತ್ತಿದ್ದ.

"ಕೇಳಿಸ್ತಿದೆಯಾ? ಕೇಳಿಸಿದ್ರೆ ಹಾರ್ನ್ ಒತ್ತಿ," ಎಂದಿತು ತುತ್ತೂರಿ. ಮೇಸ್ತ್ರಿ ಕಿಟಕಿಯಾಚೆ ಕೈ ಚಾಚಿ ರಬ್ಬರ್ ಹಾರ್ನನ್ನು ಅದುಮಿದ. ಪೋಂ.

"ಹಿಗ್ಗಬೇಡಿ. ನಾನು ಮಾತಾಡ್ತಿರೋದು ಕೊಳವೆ ಹತ್ರ, ನಿಮ್ಮ ಹತ್ರ ಅಲ್ಲ."

ಮೇಸ್ತ್ರಿ ಬಾಯಿ ತೆರೆದ. ಗಾಜು ಅಡ್ಡ ಇದ್ದದ್ದು ನೆನಪಾಗಿ ಮುಚ್ಚಿದ.

"ಕಲೆ ಹೋಗಲಿ ಬಿಡಿ. ಸ್ಪ್ರಿಂಗ್ ಹೇಗಿದೆ ಅಂತ ಕೂತು ನೋಡಿದ್ರಿ, ಅಷ್ಟೇ ತಾನೆ? ಕೂತೆ ಅಂದಿದ್ರೆ ಬೈದು ಸುಮ್ಮನಾಗ್ತಿದ್ದೆ. ಮೂಕಪ್ರಾಣಿ ಮೇಲೆ ಹಾಕಿದ್ರಲ್ಲ, ಅದು ಸಹಿಸೋಕಾಗಲ್ಲ ನನಗೆ. ಹೋದ ಸಲ ಪೆಟ್ರೋಲ್ ಸರಿ ಇರಲಿಲ್ಲ ಅಂದ್ರಿ, ಅದರ ಹಿಂದಿನ ಸಲ ಸ್ಪ್ಯಾನರ್ ತಾನೇ ಜಾರಿತು ಅಂದ್ರಿ. ನಿಮ್ಮದು ಅಂತ ಒಂದಾದ್ರೂ ತಪ್ಪು ಇದೆಯಾ ಈ ಲೋಕದಲ್ಲಿ?"

ಆಮೇಲೆ ಬಂದ ದನಿ ಮೆತ್ತಗಿತ್ತು. "ಈಗ ಹೇಳಿ. ಸೀಟಿನ ಮೇಲೆ ಕೂತಿದ್ದು ಬೆಕ್ಕಾದ್ರೆ ಹಾರ್ನ್ ಒಂದು ಸಲ. ನೀವಾದ್ರೆ ಎರಡು ಸಲ."

ಬೇಕರಿ ಹೋಯಿತು, ಶಾಲೆ ಹೋಯಿತು. ಎಂಜಿನ್ ಎಷ್ಟು ನಯವಾಗಿ ಓಡುತ್ತಿತ್ತೆಂದರೆ ಮೇಸ್ತ್ರಿಗೆ ತಾನು ಉಗುಳು ನುಂಗಿದ ಸದ್ದೂ ಕೇಳಿಸಿತು. ಅದನ್ನು ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದಕ್ಕೆ ತನ್ನನ್ನೇ ಬೈದುಕೊಂಡ. ಪೋಂ. ಸೈಕಲ್ಲಿನವನೊಬ್ಬ ಬೆಚ್ಚಿ ಪಕ್ಕಕ್ಕೆ ಸರಿದ. ಕನ್ನಡಿಯಲ್ಲಿ, ಅವಳು ಮುಖ ತಿರುಗಿಸಿ ಚೀಲವನ್ನು ಮಡಿಲಿಗೆ ಎಳೆದುಕೊಂಡದ್ದು ಕಂಡಿತು. ಮೇಸ್ತ್ರಿಯ ಕೈ ಇನ್ನೂ ಹಾರ್ನಿನ ಮೇಲೇ ಇತ್ತು. ಕಣ್ಣು ಮುಚ್ಚಿ ಮಾತ್ರೆ ನುಂಗುವವನಂತೆ ಅದುಮಿದ. ಪೋಂ.

ನಾಲ್ಕು ರಸ್ತೆ ಕೂಡುವ ಜಾಗ ಬಂತು. ಎಡಕ್ಕೆ ಬಸ್ ಸ್ಟ್ಯಾಂಡ್, ನೇರಕ್ಕೆ ಮಾರುಕಟ್ಟೆ. ಮೇಸ್ತ್ರಿ ಕಾರು ನಿಲ್ಲಿಸಿ ಕಿವಿಯನ್ನು ತುತ್ತೂರಿಗೆ ಆನಿಸಿದ. ಏನೂ ಬರಲಿಲ್ಲ. ಹಿಂದಿನ ವಾಹನಗಳೆಲ್ಲ ಬೊಬ್ಬೆ ಹಾಕತೊಡಗಿದವು. ಎತ್ತ ಹೋಗಲಿ ಎಂದು ಕೇಳೋಣವೆಂದರೆ, ಡ್ರೈವರ್ ಪ್ರಶ್ನೆ ಕೇಳುವುದಕ್ಕೆಂದು ಆ ಕಾಲದವರು ಕೊಳವೆ ಮಾಡಿರಲಿಲ್ಲ. ಅವಳಿಗೂ ಅವಸರವಿರಲಿಲ್ಲ. ಆ ಸೀಟು ಕೂರುವುದಕ್ಕೆ ನಿಜಕ್ಕೂ ಹಿತವಾಗಿತ್ತು.

"ನೇರ ಹೋಗಿ," ಎಂದಿತು ತುತ್ತೂರಿ ಕೊನೆಗೆ. "ಮಸಿಗೆ ಮೀನು ತಗೊಳ್ಳೋಣ. ಕೊಟ್ಟು, ಕ್ಷಮಿಸು ಅಂತ ಕೇಳೋದು ನೀವು. ನಾನು ನಿಂತು ನೋಡಬೇಕು."

ಈ ಸಲ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಆದರೂ ಮಾರುಕಟ್ಟೆಯ ತನಕ ಹಾರ್ನು ಎರಡೆರಡು ಸಲ ಕೂಗುತ್ತಲೇ ಹೋಯಿತು.