ಹನ್ನೆರಡು ತಂತಿಯ ದೋಷಪಟ್ಟಿ

ಗಿಟಾರಿನ ಹೊಟ್ಟೆಯ ಮೇಲೆ ಉಕ್ಕಿನ ಅಳತೆಪಟ್ಟಿ ಅಡ್ಡಲಾಗಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಇನ್ಸ್‌ಪೆಕ್ಟರು ಲೊಚಗುಟ್ಟಿದರು.

“ಹೊಟ್ಟೆ ಉಬ್ಬಿದೆಯಲ್ಲಮ್ಮಾ.”

“ನಮ್ಮೆಜಮಾನ್ರಿಗೂ ಹಾಗೇ ಇತ್ತಪ್ಪ,” ಎಂದರು ಮಂಚದ ಅಂಚಿನಲ್ಲಿ ಕುಳಿತಿದ್ದ ಅಜ್ಜಿ. “ದಿನವಿಡೀ ನಿಂತೇ ಕ್ಷೌರ ಮಾಡೋರು, ಆದ್ರೂ ಬಂತು.”

ಇನ್ಸ್‌ಪೆಕ್ಟರು ಮೂವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ, ತೂಕದ ಕಲ್ಲು ಪರೀಕ್ಷೆ ಮಾಡಿ ನಿವೃತ್ತರಾದವರು. ತಪ್ಪಿಲ್ಲದ ತಕ್ಕಡಿ ಕಂಡ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ನಿವೃತ್ತಿಯ ಮೇಲೆ ಆ ಕಣ್ಣು ಹಳೆಯ ಗಿಟಾರುಗಳ ಮೇಲೆ ಬಿತ್ತು. ಕೈಯಿಂದಲೇ ಕಡೆದ, ಹನ್ನೆರಡು ತಂತಿಯ, ತಮ್ಮಷ್ಟೇ ವಯಸ್ಸಿನ ಒಂದು ಗಿಟಾರಿಗಾಗಿ ಹತ್ತು ವರ್ಷ ಅಲೆದಿದ್ದರು. ಅದು ಈಗ ತೊಡೆಯ ಮೇಲೇ ಕೂತಿತ್ತು. ಅಜ್ಜಿ ಕೇಳಿದ ಬೆಲೆ ಅದರ ಬಿರಡೆಗಳಿಗೂ ಸಾಲದು. ತಲೆಯಾಡಿಸಿ ಎತ್ತಿಕೊಂಡು ಹೋಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಆಸೆ ಮುಖದ ಮೇಲೆ ಕಂಡರೆ ಬೆಲೆ ಅಟ್ಟ ಹತ್ತುತ್ತದೆ ಎಂಬುದು ಅವರ ನಂಬಿಕೆ.

“ಕತ್ತು ಮುಂದಕ್ಕೆ ಬಾಗಿದೆ,” ಎಂದರು.

“ಹನ್ನೆರಡು ತಂತಿ ಎಳೆದ್ರೆ ಬಾಗ್ದೆ ಇರುತ್ತಾ? ನಾನು ಆರೇ ಮಕ್ಕಳನ್ನ ಸಾಕಿದ್ದು, ನನ್ನ ಬೆನ್ನು ನೋಡಿ.”

“ಬೆನ್ನು ಅಂದ್ರಿ, ಇದರ ಬೆನ್ನಿನಲ್ಲೂ ಬಿರುಕು. ಇಲ್ಲಿ ಮೆರುಗೆಣ್ಣೆ ಸವೆದು ಮರ ಕಾಣಿಸ್ತಿದೆ.”

“ಅಲ್ಲೇ ಅವರ ಮೊಣಕೈ ಊರ್ತಿದ್ದದ್ದು. ಅಂಗಡೀಲಿ ಕಾಯೋರಿಗೆ ಬೇಜಾರಾಗಬಾರದು ಅಂತ ನುಡಿಸೋರು. ಕೊನೆಕೊನೆಗೆ ಜನ ಕ್ಷೌರ ಮರೆತು ಕೇಳೋಕೇ ಬರೋರು. ತಲೆ ತುಂಬ ಜಡೆ, ಗಲ್ಲಾ ಪೂರ್ತಿ ಖಾಲಿ.” ಅಜ್ಜಿ ಬೊಚ್ಚುಬಾಯಲ್ಲಿ ನಕ್ಕರು. “ಈಗ ಮೂಲೇಲಿ ಮೂಕನ ಹಾಗೆ ನಿಂತಿದೆ. ಯಾರಾದ್ರೂ ನುಡಿಸ್ಲಿ ಅಂತ ಮಾರ್ತಿದ್ದೀನಿ, ಅಷ್ಟೇ.”

ಇನ್ಸ್‌ಪೆಕ್ಟರು ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿ ಶ್ರುತಿ ಕೂಡಿಸಿದರು. ದಪ್ಪ ತಂತಿಯ ಪಕ್ಕದಲ್ಲೇ ಸಣ್ಣ ತಂತಿ, ಅಜ್ಜನ ಕೈಹಿಡಿದು ನಡೆವ ಮೊಮ್ಮಗಳಂತೆ. ಬೆರಳಾಡಿಸಿದ್ದೇ ತಡ, ಇಡೀ ಕೋಣೆ ಉಸಿರೆಳೆದುಕೊಂಡ ಹಾಗಾಯಿತು. ಒಂದು ಸ್ವರ ಹೊರಟರೆ ಅದರ ಬೆನ್ನಿಗೇ ಇನ್ನೊಂದು. ಎರಡೂ ಸೇರಿ ಗೋಡೆಯನ್ನು ಮುಟ್ಟಿ, ಹಿಂದಿರುಗಿ ಬಂದು ಎದೆಯ ಮೇಲೆ ಕೂತವು. ಉಬ್ಬಿದ ಆ ಹೊಟ್ಟೆಯೇ ಇಂಥ ದನಿ ಕೊಡುವುದು, ಹಲಗೆ ಅಸಲಿ ಮರದ್ದು ಎಂಬುದಕ್ಕೆ ಅದೇ ಸಾಕ್ಷಿ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ತುಂಬಿ ಬಂತು. ಕರವಸ್ತ್ರ ತೆಗೆದು, “ಧೂಳು ಬಹಳ ಇದೆ,” ಎಂದು ಒರೆಸಿಕೊಂಡರು. “ಬಿರಡೆ ಸಡಿಲ. ತಂತಿ ತುಕ್ಕು. ನೀವೇ ಯೋಚನೆ ಮಾಡಿ ಇನ್ನೊಂದು ಬೆಲೆ ಹೇಳಿ.”

ಅಜ್ಜಿ ಆ ದೋಷಗಳನ್ನೆಲ್ಲ ಬೆರಳಲ್ಲಿ ಎಣಿಸಿದರು. ಆಮೇಲೆ ಎದ್ದು ಬಂದು, ಮಗುವನ್ನು ಎತ್ತಿಕೊಳ್ಳುವಂತೆ ಗಿಟಾರನ್ನು ಅವರ ತೊಡೆಯಿಂದ ಎತ್ತಿಕೊಂಡರು.

“ಬೇಡಪ್ಪ. ಇಷ್ಟೊಂದು ಕೆಟ್ಟಿದೆ ಅಂತ ನಂಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಿಮ್ಮಂಥ ಒಳ್ಳೆಯವರ ತಲೆಗೆ ಕಟ್ಟಿದ್ರೆ ದೇವರು ಮೆಚ್ತಾನಾ?”

ಇನ್ಸ್‌ಪೆಕ್ಟರು ಎರಡೂ ಕೈ ಚಾಚಿದರು. “ಇಲ್ಲಮ್ಮಾ, ನಾನು ಸ್ವಲ್ಪ ಹೆಚ್ಚಾಗೇ ಹೇಳ್ಬಿಟ್ಟೆ. ಕೊಡಿ. ನೀವು ಕೇಳಿದ್ದರ ಎರಡರಷ್ಟು ಕೊಡ್ತೀನಿ.”

“ನೋಡಿದ್ರಾ, ಗಂಡ ಸತ್ತವಳು ಅಂತ ಕನಿಕರ.” ಅಜ್ಜಿ ಇನ್ಸ್‌ಪೆಕ್ಟರ ಕೆನ್ನೆ ಮುಟ್ಟಿದರು. “ನಿಮ್ಮ ಮನಸ್ಸು ದೊಡ್ಡದು. ಅದಕ್ಕೇ ಕೊಡಲ್ಲ. ಆರು ತಂತಿಯದ್ದು ಒಂದು ಹೊಸದು ತಗೊಳ್ಳಿ, ತಾಪತ್ರಯ ಅರ್ಧಕ್ಕರ್ಧ ಕಡಿಮೆ.”

“ನಾಲ್ಕರಷ್ಟು ಕೊಡ್ತೀನಮ್ಮಾ.”

“ಅಯ್ಯೋ, ಸುಮ್ಮನಿರಿ. ಒಂದು ಉಪಕಾರ ಮಾಡಿ. ನಾಳೆ ಸಂಗೀತದ ಮೇಷ್ಟ್ರೊಬ್ಬರು ನೋಡೋಕೆ ಬರ್ತಾರೆ. ಅವರಿಗೂ ಮೋಸ ಆಗಬಾರದು. ನೀವು ಹೇಳಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಡಿ, ನಂಗೆ ನೆನಪಿರಲ್ಲ. ಕೆಳಗೆ ಸಹಿ ಹಾಕಿ. ಆಫೀಸರ ಸಹಿ ಅಂದ್ರೆ ಯಾರೂ ಎರಡು ಮಾತಾಡಲ್ಲ.”

ಕಾಗದ, ಪೆನ್ನು ಮುಂದೆ ಬಂದೇ ಬಿಟ್ಟವು. ಬಾಯಿಂದ ಜಾರಿದ ಮಾತು ಗಾಳಿಗೆ ಹೋಗುತ್ತದೆ. ಕಾಗದಕ್ಕೆ ಇಳಿದದ್ದು ಎದುರಿಗೇ ಕೂತು ಕಣ್ಣು ಬಿಡುತ್ತದೆ. ಹೊಟ್ಟೆ, ಕತ್ತು, ಬೆನ್ನು, ಮೆರುಗು, ಬಿರಡೆ, ತಂತಿ ಎಂದು ಬರೆಯುತ್ತ ಹೋದಂತೆ ಅವರಿಗೆ ತಿಳಿಯಿತು: ಈ ಪಟ್ಟಿ ಓದಿದ ಮೇಲೆ ಮೇಷ್ಟ್ರಿರಲಿ, ದಾರಿಹೋಕನೂ ಇದನ್ನು ಮುಟ್ಟುವುದಿಲ್ಲ. ಗಿಟಾರು ಅದೇ ಮೂಲೆಯಲ್ಲಿ ಮೂಕವಾಗಿಯೇ ಸಾಯುತ್ತದೆ. ಮೂವತ್ತು ವರ್ಷದಲ್ಲಿ ಸುಳ್ಳಿಗೆ ಒಮ್ಮೆಯೂ ಸಹಿ ಹಾಕದ ಕೈ ಅದು. ಸಹಿಗೆ ಮೊದಲು ಇನ್ನೊಂದು ಸಾಲು ಸೇರಿಸಿದರು: ‘ದನಿ: ಇಂಥದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ದೋಷವಿಲ್ಲ.’

ಅಜ್ಜಿ ಕನ್ನಡಕ ಏರಿಸಿ, ತುಟಿ ಅಲುಗಿಸುತ್ತ ಕೊನೆಯವರೆಗೂ ಓದಿದರು. ಮುಖ ಅರಳಿತು, ಹಾಗೆಯೇ ಮುದುಡಿತು.

“ಮುದುಕಿ ಮನಸ್ಸು ನೋಯಬಾರದು ಅಂತ ಇದೊಂದು ಸುಳ್ಳು ಬರೆದ್ರಲ್ಲಪ್ಪಾ,” ಎಂದು ಪೆನ್ನು ತೆಗೆದುಕೊಂಡು, ಆ ಕಡೆಯ ಸಾಲಿನ ಮೇಲೆ ನಿಧಾನವಾಗಿ, ನೆಟ್ಟಗೆ, ಗೆರೆ ಎಳೆದರು.